ಮೂಗಿನ ಮೇಲಿನ ಕುಂಕುಮ

ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿಟ್ಟ ಒಂದು ಹಳೆಯ ನಿಲುಗನ್ನಡಿ ಇದೆ. ತಂಗಿಯ ಮಗಳಿಗೆ ಒಂದೂವರೆ ವರ್ಷವಾಗಿದ್ದಾಗ, ಆಟ ಆಡಿಸುತ್ತಾ ಗೊತ್ತಾಗದ ಹಾಗೆ ಮೂಗಿನ ತುದಿಗೆ ಕುಂಕುಮ ಹಚ್ಚಿ, ಅದರ ಮುಂದೆ ಬಿಟ್ಟೆ. ಅವಳು ಕನ್ನಡಿಯೊಳಗಿನ ಮಗುವಿಗೆ ಮುತ್ತು ಕೊಟ್ಟಳು. ಹಿಂದೆ ಯಾರಿದ್ದಾರೆ ಅಂತ ಇಣುಕಿದಳು. ನಾಲ್ಕು ತಿಂಗಳು ಬಿಟ್ಟು ಮತ್ತೆ ಹಚ್ಚಿದೆ. ಈ ಸಲ ಕೈ ನೇರ ತನ್ನ ಮೂಗಿಗೇ ಹೋಯಿತು. ಆಮೇಲೆ ನಮ್ಮೆಲ್ಲರ ಕಡೆ ನೋಡಿ, ನಾಚಿಕೊಂಡು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇದು ನನ್ನ ಉಪಾಯ ಅಲ್ಲ. ಮನಃಶಾಸ್ತ್ರಜ್ಞ ಗಾರ್ಡನ್ ಗ್ಯಾಲಪ್ 1970ರಲ್ಲಿ ಚಿಂಪಾಂಜಿಗಳ ಮುಖಕ್ಕೆ ಬಣ್ಣ ಹಚ್ಚಿ ಕನ್ನಡಿ ತೋರಿಸಿದರು. ಬ್ಯೂಲಾ ಆಮ್‌ಸ್ಟರ್‌ಡ್ಯಾಮ್ 1972ರಲ್ಲಿ ಮಕ್ಕಳ ಮೂಗಿಗೆ ಕೆಂಪು ಬಣ್ಣ ಹಚ್ಚಿ ನೋಡಿದರು. ಹೆಚ್ಚಿನ ಮಕ್ಕಳು 18ರಿಂದ 24 ತಿಂಗಳೊಳಗೆ ತಮ್ಮ ಮೂಗನ್ನೇ ಮುಟ್ಟಿಕೊಳ್ಳುತ್ತಾರೆ; ಅಂದರೆ ಕನ್ನಡಿಯಲ್ಲಿರುವುದು ತಾವೇ ಅಂತ ಅವರಿಗೆ ಗೊತ್ತಾಗಿದೆ. ಹಾಗಂತ ಕನ್ನಡಿಯೇ ಕೊನೆಯ ಮಾತಲ್ಲ. 2011ರ ಒಂದು ಅಧ್ಯಯನದಲ್ಲಿ ಕೀನ್ಯಾದ 82 ಮಕ್ಕಳ ಪೈಕಿ ಇಬ್ಬರು ಮಾತ್ರ ತಮ್ಮ ಮುಖದ ಮೇಲಿನ ಗುರುತನ್ನು ಮುಟ್ಟಿಕೊಂಡರು. ಆ 82 ಮಕ್ಕಳಲ್ಲಿ ಆರು ವರ್ಷದವರೂ ಇದ್ದರು. ಅಷ್ಟು ದೊಡ್ಡ ಮಕ್ಕಳಿಗೆ 'ನಾನು' ಗೊತ್ತಿಲ್ಲ ಅನ್ನಲು ಆಗುತ್ತದೆಯೇ?

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ನಾಚಿಕೆ. ಮೈಕೆಲ್ ಲೂಯಿಸ್ ಮತ್ತು ಸಂಗಡಿಗರು 1989ರಲ್ಲಿ ಕಂಡದ್ದೂ ಅದನ್ನೇ: ಮುಜುಗರ ಪಡುವ ಮಕ್ಕಳು ಹೆಚ್ಚಾಗಿ ಕನ್ನಡಿಯಲ್ಲಿ ತಮ್ಮನ್ನು ಗುರುತಿಸಬಲ್ಲವರೇ ಆಗಿದ್ದರು. ನಾಲ್ಕು ಜನ ನೋಡುವ 'ನಾನು' ಅಂತ ಒಬ್ಬಳಿದ್ದಾಳೆ ಅಂತ ತಿಳಿದ ಮೇಲೇ ಅಲ್ವಾ ನಾಚಿಕೆ ಬರುವುದು?

ಮರುಕ ಬೆಳೆಯುವುದೂ ಇದೇ ಹೊತ್ತಿಗೆ. ಹಸುಗೂಸು ಇನ್ನೊಂದು ಕೂಸಿನ ಅಳು ಕೇಳಿದರೆ ತಾನೂ ಅಳುತ್ತದೆ. ಆ ಸಂಕಟ ಯಾರದು ಅಂತ ಅದಕ್ಕೆ ತಿಳಿಯದು. 'ಈ ನೋವು ನನ್ನದಲ್ಲ, ಅವನದು' ಅಂತ ಬೇರೆ ಮಾಡಿ ನೋಡಲು ಬಂದಾಗ ಮಾತ್ರ ಅವನನ್ನು ಸಮಾಧಾನ ಮಾಡಲು ಸಾಧ್ಯ. ಡೋರಿಸ್ ಬಿಷೋಫ್-ಕೋಲರ್ ಅವರ ಪ್ರಯೋಗಗಳಲ್ಲೂ ಕನ್ನಡಿಯಲ್ಲಿ ತಮ್ಮನ್ನು ಗುರುತಿಸಿದ ಮಕ್ಕಳೇ ದುಃಖದಲ್ಲಿದ್ದವರ ನೆರವಿಗೆ ಜಾಸ್ತಿ ಬಂದರು.

ಇಲ್ಲಿಂದ ಮುಂದೆ ನಾವು ಆಡುವ ಮಾತಿನ ಪಾಲು ದೊಡ್ಡದು. ಹೋದ ಯುಗಾದಿಗೆ ಇದೇ ಹುಡುಗಿ ಅಣ್ಣನ ತಲೆಗೆ ಸ್ಟೀಲ್ ಲೋಟದಿಂದ ಹೊಡೆದಳು. ತಂಗಿ ಸಿಟ್ಟಿನಲ್ಲಿ, "ನಾಚಿಕಿ ಬರಂಗಿಲ್ಲೇನ ನಿನಗ?" ಅಂದಳು. ಹುಡುಗಿ ಬಾಗಿಲ ಹಿಂದೆ ಅಡಗಿದಳು. ಮನಃಶಾಸ್ತ್ರಜ್ಞೆ ಜೂನ್ ಟ್ಯಾಂಗ್ನಿ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಈ ಅಡಗುವಿಕೆಯನ್ನೇ. 'ನಾನೇ ಕೆಟ್ಟವಳು' ಅನ್ನಿಸಿದಾಗ ಮನುಷ್ಯರು ತಪ್ಪಿಸಿಕೊಳ್ಳುತ್ತಾರೆ, ಸಿಟ್ಟಾಗುತ್ತಾರೆ, ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುತ್ತಾರೆ. 'ನಾನು ಮಾಡಿದ್ದು ತಪ್ಪು' ಅನ್ನಿಸಿದಾಗ ಸರಿಪಡಿಸಲು ನೋಡುತ್ತಾರೆ. ನಮ್ಮಲ್ಲಿ ಮಕ್ಕಳನ್ನು ನಾಚಿಸುವುದೇ ಬುದ್ಧಿ ಕಲಿಸುವ ದಾರಿ ಅಂತ ಬಹಳ ಜನ ನಂಬಿದ್ದಾರೆ. ನನಗೆ ಅದು ನೋವಿನ ಸಂಗತಿ.

ನಮ್ಮವ್ವ ಏನೂ ಬೈಯಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು ಬಂದು ಅಣ್ಣನ ಮುಂದೆ ಕೂರಿಸಿದಳು. "ಅಣ್ಣನ ತಲಿ ನೋಡವಾ, ಹೆಂಗ ಬಾತೈತಿ. ಅವಗ ಭಾಳ ನೋವಾಗೇತಿ" ಅಂದಳು. ಮಾರ್ಟಿನ್ ಹಾಫ್‌ಮನ್ ಎಂಬ ಮನಃಶಾಸ್ತ್ರಜ್ಞರು ಮಕ್ಕಳಲ್ಲಿ ನೀತಿ ಬೆಳೆಸಲು ಒತ್ತಿ ಹೇಳಿದ್ದೂ ಇದೇ ಬಗೆಯನ್ನು: ನೀನು ಮಾಡಿದ್ದರಿಂದ ಇನ್ನೊಬ್ಬರಿಗೆ ಏನಾಯಿತು ಅಂತ ತೋರಿಸು. ಅವ್ವ ಅವರ ಹೆಸರನ್ನೂ ಕೇಳಿದವಳಲ್ಲ.

ಹುಡುಗಿ ಆ ಬಾವನ್ನು ಒಂದು ಸಲ ಮೆಲ್ಲಗೆ ಮುಟ್ಟಿದಳು. ಎದ್ದು ಅಡುಗೆ ಮನೆಗೆ ಹೋದಳು. ತಾನು ಅರ್ಧ ತಿಂದಿಟ್ಟಿದ್ದ ಪೇಢೆ ತಂದು ಅಣ್ಣನ ಕೈಯಲ್ಲಿಟ್ಟಳು.