ಸಿಸ್ಟಮ್ ಫೈಲ್ ಬದಲಾಗಿದೆ ಅಂದ ಕೂಡಲೇ ‘ಅಲೋ’ (ಇರಲಿ ಬಿಡು) ಒತ್ತುವ ಚಾಳಿ ಎಲ್ಲಿಂದ ಬಂತು?

ಕಲಬುರಗಿಯ ಮಿನಿ ವಿಧಾನಸೌಧದ ಸುತ್ತಮುತ್ತಲಿನ ಡಿಟಿಪಿ, ಝೆರಾಕ್ಸ್ ಅಂಗಡಿಗಳಲ್ಲಿ 371ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ) ಅರ್ಜಿ ತುಂಬುವ ಸೀಸನ್ ಬಂತೆಂದರೆ ತಲೆ ಎತ್ತಲು ಪುರಸೊತ್ತಿರುವುದಿಲ್ಲ. ಅಂಥ ಹೊತ್ತಲ್ಲೇ ಪರದೆಯ ಮೂಲೆಯಲ್ಲಿ ಆಂಟಿವೈರಸ್ ಕೂಗುತ್ತದೆ: ಹೋಸ್ಟ್ಸ್ ಫೈಲ್ (ಯಾವ ಸೈಟಿನ ಹೆಸರಿಗೆ ಯಾವ ನಂಬರಿನ ವಿಳಾಸ ಅಂತ ಬರೆದಿಡುವ ಸಿಸ್ಟಮ್ ಫೈಲ್) ಬದಲಾಗಿದೆ! ಎದುರಿಗೆ ಜನ ಸಾಲುಗಟ್ಟಿದ್ದಾರೆ, ಓದುವವರು ಯಾರು? ‘ಅಲೋ’ ಒತ್ತಿ ಮುಂದೆ. ಇದಕ್ಕೆ ಅಂಗಡಿಯವರನ್ನಷ್ಟೇ ಬೈದರೆ ನ್ಯಾಯವಲ್ಲ.

1992ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಜೀನ್ ಕಿಮ್ ಮತ್ತು ಯೂಜೀನ್ ಸ್ಪ್ಯಾಫರ್ಡ್, ಫೈಲ್ ಬದಲಾದರೆ ಪತ್ತೆಹಚ್ಚುವ ಟ್ರಿಪ್‌ವೈರ್ ಅನ್ನೋ ಸಾಫ್ಟ್‌ವೇರ್ ಮಾಡಿದರು. ಪ್ರತಿ ಫೈಲಿನ ಹೆಬ್ಬೆಟ್ಟಿನ ಗುರುತಿನಂಥದ್ದೊಂದನ್ನು ಲೆಕ್ಕಹಾಕಿ ಇಟ್ಟುಕೊಂಡು ಆಮೇಲೆ ತಾಳೆ ನೋಡುವುದು, ಅಷ್ಟೇ. ಒಂದಕ್ಷರ ಬದಲಾದರೂ ಸಿಕ್ಕಿಬೀಳುತ್ತದೆ. ಆದರೆ ಬದಲಿಸಿದ್ದು ಯಾರು, ಯಾಕೆ ಅನ್ನೋದನ್ನು ಅದು ಹೇಳುತ್ತಿರಲಿಲ್ಲ. ಇವತ್ತಿನ ಎಷ್ಟೋ ಎಚ್ಚರಿಕೆಗಳೂ ಹೇಳುವುದಿಲ್ಲ.

ವಿಂಡೋಸ್ 2000ದಲ್ಲಿ ಮುಖ್ಯ ಫೈಲ್ ಕೆಟ್ಟರೆ ಸಿಸ್ಟಮ್ಮೇ ಸದ್ದಿಲ್ಲದೆ ಹಳೆಯದನ್ನು ತಂದಿಡುತ್ತಿತ್ತು. ಆಮೇಲೆ ವಿಂಡೋಸ್ ವಿಸ್ತಾ ಬಂತು, ಮಾತುಮಾತಿಗೂ ಅನುಮತಿ ಕೇಳಿತು, ಜನ ಓದದೆ ಒತ್ತುವುದನ್ನು ಕಲಿತರು. ಅದರ ಮೇಲೆ ಸುಳ್ಳು ಎಚ್ಚರಿಕೆಗಳ ಕಾಟ. 2008ರ ನವೆಂಬರ್‌ನಲ್ಲಿ ಎವಿಜಿ ಆಂಟಿವೈರಸ್, ವಿಂಡೋಸ್‌ನದೇ ಯೂಸರ್32.ಡಿಎಲ್‌ಎಲ್ ಅನ್ನೋ ಫೈಲನ್ನು ವೈರಸ್ ಅಂದುಬಿಟ್ಟಿತು. 2010ರ ಏಪ್ರಿಲ್ 21ರಂದು ಮೆಕಾಫಿ ಆಂಟಿವೈರಸ್‌ನ ಒಂದು ಅಪ್‌ಡೇಟ್ ವಿಂಡೋಸ್‌ನ ಎಸ್‌ವಿಸಿಹೋಸ್ಟ್ ಫೈಲಿಗೆ ಅದೇ ಪಟ್ಟ ಕಟ್ಟಿದ್ದರಿಂದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರುಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಾ ಕೂತವು. ಅಂದರೆ ಗಾಬರಿಯಿಂದ ‘ಡಿಲೀಟ್’ ಒತ್ತುವುದೂ ಅಪಾಯವೇ. ಕ್ವಾರಂಟೈನ್‌ಗೆ (ಆಂಟಿವೈರಸ್ ಫೈಲನ್ನು ಅಳಿಸದೆ ಬೇರೆ ಕೂಡಿಹಾಕುವ ಜಾಗ) ಹಾಕಿ, ಬೇಕಾದರೆ ವಾಪಸ್ ತರಬಹುದು.

ಹೋಸ್ಟ್ಸ್ ಫೈಲ್ ವಿಷಯ ಬೇರೆ, ಅದನ್ನು ನೀವೇ ತೆರೆದು ಓದಬಹುದು. ಸಿಸ್ಟಮ್32 ಒಳಗಿನ ಡ್ರೈವರ್ಸ್, ಅದರೊಳಗಿನ ಇಟಿಸಿ ಫೋಲ್ಡರಿನಲ್ಲಿದೆ, ನೋಟ್‌ಪ್ಯಾಡ್ ಸಾಕು. # ಗುರುತಿನಿಂದ ಶುರುವಾಗುವ ಸಾಲುಗಳಿಂದ ಏನೂ ಆಗಲ್ಲ. ಆಂಟಿವೈರಸ್ ಕಂಪನಿಯ ಹೆಸರಿನ ಹಿಂದೆ 127.0.0.1 (ನಿಮ್ಮ ಕಂಪ್ಯೂಟರಿನದೇ ವಿಳಾಸ) ಅಂತಿದ್ದರೆ ಅದರ ಅಪ್‌ಡೇಟನ್ನು ಯಾರೋ ತಡೆದಿದ್ದಾರೆ. ಬ್ಯಾಂಕಿನ ಹೆಸರಿನ ಹಿಂದೆ ಗೊತ್ತಿಲ್ಲದ ನಂಬರ್ ಇದ್ದರೆ ನೀವು ನಕಲಿ ಸೈಟಿಗೆ ಹೋಗಿ ಬೀಳಬಹುದು. 2020ರಲ್ಲಿ ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಮೈಕ್ರೋಸಾಫ್ಟ್ ಡಿಫೆಂಡರ್, ಮೈಕ್ರೋಸಾಫ್ಟ್‌ಗೆ ಮಾಹಿತಿ ಹೋಗದಂತೆ ಜನ ತಾವೇ ಸೇರಿಸಿದ್ದ ಸಾಲುಗಳನ್ನೂ ದೊಡ್ಡ ಅಪಾಯ ಅಂತ ತೋರಿಸಿತ್ತು. ಹಾಗಾಗಿ ಮೊದಲ ಪ್ರಶ್ನೆ: ಈಗಷ್ಟೇ ಏನು ಇನ್‌ಸ್ಟಾಲ್ ಮಾಡಿದೆ?

ನಮ್ಮ ಕಡೆ ಉತ್ತರ ಬಹಳ ಸಲ ‘ಕ್ರ್ಯಾಕ್’ (ದುಡ್ಡು ಕೊಡದೆ ಸಾಫ್ಟ್‌ವೇರ್ ಓಡಿಸುವ ಕಳ್ಳದಾರಿ) ಅಂತಲೇ ಇರುತ್ತದೆ, ಅಲ್ವಾ? ಪೆನ್‌ಡ್ರೈವ್‌ನಲ್ಲಿ ಬಂದ ಆಕ್ಟಿವೇಟರ್, ಜೊತೆಗೆ ‘ಮೊದಲು ಆಂಟಿವೈರಸ್ ಆಫ್ ಮಾಡ್ರಿ’ ಅನ್ನೋ ಸಲಹೆ. ನನಗೆ ಇದರಷ್ಟು ಸಿಟ್ಟು ಬರಿಸುವ ಮಾತು ಬೇರೆ ಇಲ್ಲ, ಯಾಕಂದರೆ ಆ ಕಂಪ್ಯೂಟರಿನಲ್ಲಿ ಊರಿನವರ ಆಧಾರ್, ಜಾತಿ ಪ್ರಮಾಣಪತ್ರ, ಮಾರ್ಕ್ಸ್ ಕಾರ್ಡ್ ಎಲ್ಲಾ ಬಿದ್ದಿರುತ್ತವೆ.

ಅಪ್‌ಡೇಟ್ ನಡುವೆ ಕರೆಂಟ್ ಹೋದರೂ ಫೈಲ್ ಕೆಡಬಹುದು, ಅದು ವೈರಸ್ ಅಲ್ಲ. ಆಗ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು sfc /scannow ಅಂತ ಟೈಪ್ ಮಾಡಿ ಓಡಿಸಿದರೆ ವಿಂಡೋಸ್ ತನ್ನ ಫೈಲುಗಳನ್ನು ತಾನೇ ಪರೀಕ್ಷಿಸಿ ಸರಿಮಾಡಲು ನೋಡುತ್ತದೆ. ಇನ್ನೂ ಅನುಮಾನ ಉಳಿದರೆ ಇಂಟರ್‌ನೆಟ್ ಕಿತ್ತು ಪೂರ್ತಿ ಸ್ಕ್ಯಾನ್ ಮಾಡಿ, ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರಿನಿಂದ ಬದಲಿಸಿ.