ತೊಂಬತ್ತರ ಕೈಸನ್ನೆ: ಮುಪ್ಪಿನ ಕಂಡಕ್ಟರ್‌ಗಳಿಗೆ ಯಾಕಿಷ್ಟು ಬೆಲೆ?

ಪೊನ್ನಂಪೇಟೆ ಕಡೆ ಆಗಸ್ಟ್ ಮಳೆ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಜಾಸ್ತಿ ಹೇಳಬೇಕಿಲ್ಲ. ನಾಲ್ಕು ದಿನದಿಂದ ಬಿಟ್ಟಿರಲಿಲ್ಲ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿ ಎರಡು ದಿನ ಆಗಿತ್ತು. ತೋಟಕ್ಕೆ ಇಳಿಯುವ ಹಾಗಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಮೊದಲೇ ಇಳಿಸಿಟ್ಟುಕೊಂಡಿದ್ದ ಒಂದು ರೆಕಾರ್ಡಿಂಗ್ ಇತ್ತು. ಬ್ಯಾಟರಿ ಸ್ಪೀಕರ್ ತಂದು ಜಗಲಿಯಲ್ಲಿ ಇಟ್ಟೆ. ಅಷ್ಟರಲ್ಲಿ ಪಕ್ಕದ ತೋಟದ ಅಜ್ಜ ಕೊಡೆ ಮಡಚುತ್ತಾ ಬಂದರು. ಸೇನೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು. ಕೊಡಗಿನಲ್ಲಿ ಸೇನೆಗೆ ಹೋದವರಿಗೆ ಬರವಿಲ್ಲ. ಕ್ಲಾರಿನೆಟ್ ಹಿಡಿದು ಹೋದವರು ಮಾತ್ರ ಅಪರೂಪ.

"ಯಾರದ್ದಿದು?" ಅಂದರು.

"ಯುರೋಪಿನ ಶೂಬರ್ಟ್ ಬರೆದದ್ದು. ನಡೆಸಿದ ಕಂಡಕ್ಟರ್‌ಗೆ ಆಗ ತೊಂಬತ್ತನಾಲ್ಕು ವರ್ಷ" ಅಂದೆ.

"ಯಾವ ಬಸ್ಸಿನವರು?" ಅಂತ ಒಳಗಿನಿಂದ ಮನೆಯವಳ ಪ್ರಶ್ನೆ ಬಂತು.

ಅವಳದ್ದು ತಮಾಷೆಯೇ. ಆದರೂ ನಮ್ಮ ಕಡೆ ಈ ಕೆಲಸ ಏನು ಅಂತ ಹೇಳಿಯೇ ಮುಂದೆ ಹೋಗಬೇಕು. ಕೊಡವರ ಜನಪದ ಹಾಡು ಬಾಳೋಪಾಟ್ ಹಾಡುವಾಗ ನಾಲ್ಕು ಜನ, ಕೈಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ. ಒಬ್ಬರ ಉಸಿರು ಇನ್ನೊಬ್ಬರಿಗೆ ಕೇಳುತ್ತದೆ. ಮುಂದೆ ನಿಂತು ಕೈ ಬೀಸುವವರು ಬೇಕಾಗಿಲ್ಲ. ಎಂಬತ್ತು ತೊಂಬತ್ತು ಜನರ ಆರ್ಕೆಸ್ಟ್ರಾದಲ್ಲಿ ಹಿಂದಿನ ಸಾಲಿನ ಕಹಳೆಯವನಿಗೆ ಮುಂದಿನ ಸಾಲಿನ ಪಿಟೀಲು ಸರಿಯಾಗಿ ಕೇಳುವುದೇ ಇಲ್ಲ. ಅದಕ್ಕೇ ಒಬ್ಬ ಕಂಡಕ್ಟರ್. ಅವರ ಕೈಯಿಂದ ಒಂದು ಸ್ವರವೂ ಹೊರಡುವುದಿಲ್ಲ. ಎಲ್ಲವನ್ನೂ ಬೇರೆಯವರಿಂದಲೇ ನುಡಿಸಬೇಕು.

ಮುಪ್ಪಿನಲ್ಲೂ ಈ ಕೆಲಸ ನಡೆಯುವುದರ ಗುಟ್ಟು ಇಲ್ಲೇ ಇದೆ. ಪಿಟೀಲು ನುಡಿಸುವವರಿಗೆ ಬೆರಳು ನಡುಗಿದರೆ ಅಲ್ಲಿಗೆ ಮುಗಿಯಿತು. ಗಾಯಕರಿಗೆ ಗಂಟಲು ಕೈಕೊಡುತ್ತದೆ. ಕಂಡಕ್ಟರ್‌ಗೆ ಕಿವಿ, ನೆನಪು, ಕಣ್ಣು ಚುರುಕಾಗಿದ್ದರೆ ಕುರ್ಚಿಯಲ್ಲಿ ಕೂತೇ ದುಡಿಯಬಹುದು.

ಮೊದಲು ಹೀಗಿರಲಿಲ್ಲ ಬಿಡಿ. 1687ರಲ್ಲಿ ಪ್ಯಾರಿಸ್‌ನಲ್ಲಿ ಲುಲ್ಲಿ ಎಂಬ ಸಂಗೀತಗಾರ ದೊಣ್ಣೆಯಿಂದ ನೆಲ ಕುಟ್ಟಿ ತಾಳ ಹಾಕುತ್ತಿದ್ದಾಗ ಕಾಲಿಗೆ ಹೊಡೆದುಕೊಂಡ. ಗಾಯ ಕೊಳೆತು ಸತ್ತೇಹೋದ. ಚಿಕ್ಕ ಕೋಲು ಹಿಡಿಯುವ ಪದ್ಧತಿ ಗಟ್ಟಿಯಾಗಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. 1835ರಲ್ಲಿ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾಕ್ಕೆ ಬಂದ ಸಂಗೀತಗಾರ ಮೆಂಡೆಲ್ಸನ್ ಕೋಲು ಹಿಡಿದವರಲ್ಲಿ ಪ್ರಮುಖರು. ಆ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಆಗಲೂ ಮುದಿ ಕಂಡಕ್ಟರ್‌ಗಳು ಇದ್ದರು. ಆದರೆ ಅವರು ಹೋದಾಗ ಅವರ ಕೆಲಸವೂ ಅವರ ಜೊತೆಗೇ ಹೋಯಿತು. ರೆಕಾರ್ಡ್ ಬಂದ ಮೇಲೂ ತಟ್ಟೆಯ ಒಂದು ಮುಖಕ್ಕೆ ನಾಲ್ಕೈದು ನಿಮಿಷ ಹಿಡಿದರೆ ಹೆಚ್ಚು. 1948ರಲ್ಲಿ ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆ ಬಂತು, ಹತ್ತು ವರ್ಷ ಕಳೆದು ಸ್ಟೀರಿಯೊ ಎಲ್‌ಪಿ ಬಂತು. ಆ ಹೊತ್ತಿಗೆ ಬದುಕಿದ್ದ ಹಿರಿಯರಿಗೆ ಲಾಟರಿ ಹೊಡೆದ ಹಾಗಾಯಿತು.

ಕಂಡಕ್ಟರ್ ಬ್ರೂನೊ ವಾಲ್ಟರ್ ಕಥೆಯನ್ನೇ ನೋಡಿ. ಸಂಗೀತ ರಚನಕಾರ ಮಾಹ್ಲರ್ ತೀರಿಕೊಂಡ ಮರುವರ್ಷ, 1912ರಲ್ಲಿ, ಅವರ ಒಂಬತ್ತನೇ ಸಿಂಫನಿಯನ್ನು (ಆರ್ಕೆಸ್ಟ್ರಾಕ್ಕೆಂದೇ ಬರೆದ ದೊಡ್ಡ ಕೃತಿ) ವಿಯೆನ್ನಾದಲ್ಲಿ ಮೊಟ್ಟಮೊದಲು ನುಡಿಸಿದ್ದು ಇದೇ ವಾಲ್ಟರ್. 1938ರ ಜನವರಿಯಲ್ಲಿ ಅದೇ ಊರಿನಲ್ಲಿ ಅದೇ ಕೃತಿಯ ಕಛೇರಿ ನಡೆಯಿತು, ರೆಕಾರ್ಡ್ ಆಯಿತು. ಎರಡು ತಿಂಗಳಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಯೆಹೂದಿಯಾಗಿದ್ದ ವಾಲ್ಟರ್ ಊರುಬಿಟ್ಟು ಕೊನೆಗೆ ಅಮೆರಿಕ ಸೇರಿದರು. 1957ರಲ್ಲಿ ಹೃದಯಾಘಾತ. ಇನ್ನು ಸಾಕು ಅನ್ನುವ ವಯಸ್ಸು. ಆದರೆ ಕೊಲಂಬಿಯಾ ಕಂಪನಿ ಅವರಿಗಾಗಿಯೇ ಕ್ಯಾಲಿಫೋರ್ನಿಯಾದಲ್ಲಿ ವಾದಕರನ್ನು ಸೇರಿಸಿ, ಅವರ ಮನೆಗೆ ಹತ್ತಿರದಲ್ಲೇ ಸ್ಟೀರಿಯೊದಲ್ಲಿ ರೆಕಾರ್ಡಿಂಗ್ ಶುರು ಮಾಡಿತು. 1961ರಲ್ಲಿ, ಎಂಬತ್ತನಾಲ್ಕನೇ ವಯಸ್ಸಿನಲ್ಲಿ, ಅವರು ಮತ್ತೆ ಆ ಒಂಬತ್ತನೇ ಸಿಂಫನಿಗೆ ಬಂದರು. ಮರುವರ್ಷ ತೀರಿಕೊಂಡರು.

ಎರಡನ್ನೂ ಒಂದರ ಹಿಂದೆ ಒಂದು ಕೇಳಿದ್ದೇನೆ. ಹಳೆಯದು ಹತ್ತು ನಿಮಿಷದಷ್ಟು ಚಿಕ್ಕದು. ಸಭಿಕರ ಕೆಮ್ಮು ಕೇಳುತ್ತದೆ, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನುವ ಹಾಗೆ ಓಡುತ್ತದೆ. ಹೊಸದರಲ್ಲಿ ಆತುರ ಇಲ್ಲ. ತಪ್ಪಿಲ್ಲ, ಬೆವರೂ ಇಲ್ಲ. ಯಾವುದು ಮೇಲು ಅಂದರೆ ನಾನು 1938ರದ್ದನ್ನೇ ಹೇಳುತ್ತೇನೆ. ಆದರೆ ತಿರುಗಿ ತಿರುಗಿ ಹಾಕಿಕೊಳ್ಳುವುದು 1961ರದ್ದನ್ನು. ಯಾಕೆ ಅಂತ ಕೇಳಬೇಡಿ.

ಆಮೇಲೆ ಮುಪ್ಪು ಅನ್ನುವುದೇ ಒಂದು ಮಾರಾಟದ ಸರಕಾಯಿತು. ಪಿಯರ್ ಮೊಂತೊ ಎಂಬತ್ತಾರನೇ ವಯಸ್ಸಿನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಸೇರುವಾಗ ಇಪ್ಪತ್ತೈದು ವರ್ಷದ ಒಪ್ಪಂದ ಕೇಳಿದರು. ಅದನ್ನು ಮುಂದುವರಿಸುವ ಅವಕಾಶವೂ ಬೇಕಂತೆ! ಸ್ಟೊಕೋವ್ಸ್ಕಿ ತೊಂಬತ್ತನಾಲ್ಕರಲ್ಲಿ ಸಹಿ ಹಾಕಿದ ರೆಕಾರ್ಡಿಂಗ್ ಒಪ್ಪಂದ ನೂರು ವರ್ಷದವರೆಗೆ ಇತ್ತು. ಓಟೊ ಕ್ಲೆಂಪರರ್ ಮಿದುಳಿನ ಗೆಡ್ಡೆಯ ಆಪರೇಷನ್ ಆಗಿ, ದೇಹದ ಒಂದು ಕಡೆ ಸ್ವಾಧೀನ ತಪ್ಪಿ, ಸೊಂಟ ಮುರಿದು, ಕೂತುಕೊಂಡೇ ಲಂಡನ್ನಿನಲ್ಲಿ ಬಂಡೆಯಂಥ ಬೀಥೋವನ್ ಕೊಟ್ಟರು. ಕೆಲವೊಮ್ಮೆ ಅದು ನಿಜಕ್ಕೂ ಬಂಡೆಯೇ, ಅಲ್ಲಾಡುವುದಿಲ್ಲ. ಅದನ್ನೂ ಹೊಗಳುವವರಿದ್ದಾರೆ.

ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಕಂಡಕ್ಟರ್‌ಗಳು ನೂರು ವರ್ಷ ಬದುಕುತ್ತಾರೆ ಅಂತ ಒಂದು ಮಾತಿದೆ. ನಾವು ಉಳಿದವರನ್ನಷ್ಟೇ ಎಣಿಸುತ್ತೇವೆ. ಗುಯಿಡೊ ಕ್ಯಾಂಟೆಲ್ಲಿ ವಿಮಾನ ದುರಂತದಲ್ಲಿ ಹೋದಾಗ ಮೂವತ್ತಾರು. ಕೆರ್ತೆಸ್ ಸಮುದ್ರದಲ್ಲಿ ಮುಳುಗಿದಾಗ ನಲವತ್ಮೂರು. ಸಿನೋಪೊಲಿ 2001ರಲ್ಲಿ ಬರ್ಲಿನ್‌ನಲ್ಲಿ ಆಪೆರಾ ನಡೆಸುತ್ತಿರುವಾಗಲೇ ಕುಸಿದರು, ಐವತ್ನಾಲ್ಕು. ಇವರ ಮುಪ್ಪಿನ ರೆಕಾರ್ಡಿಂಗ್ ಎಲ್ಲಿಂದ ತರೋಣ?

ವಯಸ್ಸು ಮುಲಾಜಿಲ್ಲದೆ ಕೈಕೊಡುವುದೂ ಉಂಟು. ತೊಸ್ಕಾನಿನಿಗೆ ಕಣ್ಣು ಮಂಜು, ಎಲ್ಲವನ್ನೂ ಬಾಯಿಪಾಠದಿಂದಲೇ ನಡೆಸುತ್ತಿದ್ದರು. 1954ರ ಏಪ್ರಿಲ್ 4ರಂದು ನ್ಯೂಯಾರ್ಕಿನಲ್ಲಿ, ರೇಡಿಯೊದಲ್ಲಿ ನೇರ ಪ್ರಸಾರ ಆಗುತ್ತಿರುವಾಗ, ವ್ಯಾಗ್ನರ್ ಕೃತಿಯ ನಡುವೆ ಅವರ ನೆನಪು ತಪ್ಪಿತು. ರೇಡಿಯೊದವರು ಗಾಬರಿಯಾಗಿ ಬ್ರಾಮ್ಸ್ ರೆಕಾರ್ಡ್ ಒಂದನ್ನು ಹಾಕಿಬಿಟ್ಟರು. ಎಂಬತ್ತೇಳರ ತೊಸ್ಕಾನಿನಿ ಕಛೇರಿಯನ್ನು ಹೇಗೋ ಮುಗಿಸಿದರು. ಆರ್ಕೆಸ್ಟ್ರಾದ ಮುಂದೆ ಜನರೆದುರು ಅವರು ನಿಂತದ್ದು ಅದೇ ಕೊನೆ.

ಹಾಗಾಗಿ ಒಳ್ಳೆಯ ಮುಪ್ಪು ಅಪರೂಪ. ಗ್ಯುಂಟರ್ ವಾಂಡ್ ಕೊಲೋನ್‌ನಲ್ಲಿ ಇಪ್ಪತ್ತೆಂಟು ವರ್ಷ ದುಡಿದು, ಎಪ್ಪತ್ತೇಳರಲ್ಲಿ ಮೊದಲ ಸಲ ಅಮೆರಿಕಕ್ಕೆ ಹೋದರು. ಎಂಬತ್ತು ದಾಟಿದ ಮೇಲೆ ಬರ್ಲಿನ್ ಫಿಲ್‌ಹಾರ್ಮೊನಿಕ್ ಜೊತೆ ಮಾಡಿದ ಬ್ರುಕ್ನರ್ ಎಂಬ ರಚನಕಾರನ ಸಿಂಫನಿಗಳ ರೆಕಾರ್ಡಿಂಗ್‌ಗಳೇ ಇವತ್ತು ಅವರ ಹೆಸರು. ರಿಹರ್ಸಲ್‌ಗೆ ಸಾಕಷ್ಟು ಹೊತ್ತು ಕೊಡದಿದ್ದರೆ ಬರುವುದೇ ಇಲ್ಲ ಅನ್ನುವ ಆಸಾಮಿ. ಬರ್ನಾರ್ಡ್ ಹೈಟಿಂಕ್ ತೊಂಬತ್ತಕ್ಕೆ, 2019ರ ಸೆಪ್ಟೆಂಬರ್ 6ರಂದು, ಲೂಸರ್ನ್‌ನಲ್ಲಿ ಬ್ರುಕ್ನರ್ ಏಳನೇ ಸಿಂಫನಿ ಮುಗಿಸಿ, ಸದ್ದಿಲ್ಲದೆ ಹೊರಟರು. ನಮ್ಮ ಮುಂಬೈಯಲ್ಲಿ ಹುಟ್ಟಿದ ಜುಬಿನ್ ಮೆಹ್ತಾ ಎಂಬತ್ತೇಳರಲ್ಲಿ, 2023ರಲ್ಲಿ, ಮುಂಬೈಯದೇ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾವನ್ನು ನಡೆಸಿದರು. ಮೆಹ್ತಾ ವಿಯೆನ್ನಾದಲ್ಲಿ ಓದುವಾಗ ದೊಡ್ಡವರ ಕೈ ನೋಡಲೆಂದೇ ಗೆಳೆಯ ಅಬ್ಬಾಡೊ ಜೊತೆ ಅಲ್ಲಿನ ಹಾಡುಗಾರರ ಗುಂಪಿಗೆ ಸೇರಿದ್ದರು. ಹಾಗೆ ಕದ್ದು ನೋಡಿದ ಕೈಗಳಲ್ಲಿ ವಾಲ್ಟರ್ ಅವರದ್ದೂ ಒಂದು.

ನನ್ನ ಸ್ಪೀಕರಿನಲ್ಲಿ ಇದ್ದವರು ಹರ್ಬರ್ಟ್ ಬ್ಲೂಮ್‌ಸ್ಟೆಟ್. 1927ರಲ್ಲಿ ಅಮೆರಿಕದಲ್ಲಿ ಹುಟ್ಟಿ ಸ್ವೀಡನ್‌ನಲ್ಲಿ ಬೆಳೆದವರು. ಅಪ್ಪ ಪಾದ್ರಿ, ಅಮ್ಮ ಪಿಯಾನೊ ವಾದಕಿ. ಶನಿವಾರವನ್ನು ವಿಶ್ರಾಂತಿಯ ದಿನವಾಗಿ ಪಾಲಿಸುವ ಅಡ್ವೆಂಟಿಸ್ಟ್ ಕ್ರೈಸ್ತ ಪಂಗಡದವರಾದ್ದರಿಂದ ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗೆ ರಿಹರ್ಸಲ್ ಮಾಡುವುದಿಲ್ಲ. ಕಛೇರಿ ಮಾತ್ರ ಕೊಡುತ್ತಾರೆ. ರಿಹರ್ಸಲ್ ದುಡಿಮೆ, ಕಛೇರಿ ಅಲ್ಲ ಅನ್ನುವುದು ಅವರ ಲೆಕ್ಕ. ಮಾಂಸ ಇಲ್ಲ, ಮದ್ಯ ಇಲ್ಲ, ಕಾಫಿಯೂ ಇಲ್ಲ. ಇದನ್ನು ಹೇಳಿದಾಗ ಅಜ್ಜ ತಮ್ಮ ಲೋಟ ಕೆಳಗಿಟ್ಟು, "ಹಂಗಾದ್ರೆ ಕೊಡಗಿಗೆ ಬಂದು ಏನ್ ಮಾಡ್ತಾರೆ ಪಾಪ" ಅಂದರು.

ಬ್ಲೂಮ್‌ಸ್ಟೆಟ್ ನನಗೆ ಇಷ್ಟ ಆಗಲು ಕಾರಣ ಬೇರೆ. ವಯಸ್ಸಾದಂತೆ ಸಂಗೀತ ನಿಧಾನ ಆಗುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಇವರು ಉಲ್ಟಾ. ಐವತ್ತರ ಆಸುಪಾಸಿನಲ್ಲಿ ಡ್ರೆಸ್ಡೆನ್‌ನಲ್ಲಿ ಬೀಥೋವನ್‌ನ ಒಂಬತ್ತೂ ಸಿಂಫನಿ ರೆಕಾರ್ಡ್ ಮಾಡಿದ್ದರು. ಸುಂದರವಾಗಿದೆ, ಗಂಭೀರವಾಗಿದೆ. 2014ರಿಂದ 2017ರವರೆಗೆ, ತೊಂಬತ್ತು ತುಂಬುವ ಹೊತ್ತಿಗೆ, ಲೈಪ್‌ಜಿಗ್‌ನಲ್ಲಿ ಕಛೇರಿಗಳಿಂದಲೇ ಮತ್ತೊಮ್ಮೆ ಒಂಬತ್ತನ್ನೂ ಮುಗಿಸಿದರು. ಈ ಸಲದ್ದು ಚುರುಕು, ಹಗುರ. ಮಧ್ಯದಲ್ಲಿ ಜೊನಾಥನ್ ಡೆಲ್ ಮಾರ್ ಎಂಬ ವಿದ್ವಾಂಸ ಹಸ್ತಪ್ರತಿಗಳನ್ನು ಹೋಲಿಸಿ ಹೊಸ ಆವೃತ್ತಿ ತಂದಿದ್ದರು. ಬೀಥೋವನ್ ತಾನೇ ಬರೆದಿಟ್ಟ ವೇಗದ ಗುರುತುಗಳನ್ನು ಜನ ಗಂಭೀರವಾಗಿ ನೋಡತೊಡಗಿದ್ದರು. ಐವತ್ತು ವರ್ಷ ನುಡಿಸಿದ ಕೃತಿಯನ್ನು ಎಂಬತ್ತೇಳರಲ್ಲಿ ಮೊದಲಿನಿಂದ ಓದಲು ಕೂರುವುದು ಸುಮ್ನೆ ಅಲ್ಲ. ನಾನಂತೂ ಹತ್ತು ವರ್ಷದಿಂದ ಮೆಣಸಿಗೆ ಒಂದೇ ಥರ ಗೊಬ್ಬರ ಹಾಕುತ್ತಿದ್ದೇನೆ.

2022ರಲ್ಲಿ ಅವರು ಬಿದ್ದು ಆಸ್ಪತ್ರೆ ಸೇರಿದರು. ತಿಂಗಳುಗಳ ನಂತರ ವಾದಕರೊಬ್ಬರ ತೋಳು ಹಿಡಿದುಕೊಂಡು ಮತ್ತೆ ವೇದಿಕೆಗೆ ಬಂದರು. ಈಗ ಕೂತೇ ನಡೆಸುತ್ತಾರೆ, ಕೈಯಲ್ಲಿ ಕೋಲಿಲ್ಲ. ವಿಡಿಯೊದಲ್ಲಿ ನೋಡಿದರೆ ಬೆರಳು ಸ್ವಲ್ಪ ಎತ್ತುತ್ತಾರೆ, ಅಷ್ಟೇ.

ಇದನ್ನು ಕೇಳಿ ಅಜ್ಜ ತಲೆಯಾಡಿಸಿದರು. "ನಮ್ಮಲ್ಲೂ ಹೊಸ ಬ್ಯಾಂಡ್ ಮಾಸ್ಟರ್ ಬಂದ್ರೆ ಕೈ ಜೋರಾಗಿ ಬೀಸ್ತಿದ್ರು. ಹಳಬರು ಸುಮ್ನೆ ನಮ್ಮ ಕಡೆ ನೋಡ್ತಿದ್ರು. ತಪ್ಪು ಮಾಡೋಕೆ ಭಯ ಆಗ್ತಿದ್ದದ್ದು ಆಗ್ಲೇ."

ಶೂಬರ್ಟ್ ಮೂವತ್ತೊಂದಕ್ಕೆ ಸತ್ತ. ಅವನ ದೊಡ್ಡ ಸಿ ಮೇಜರ್ ಸಿಂಫನಿ ಅಣ್ಣನ ಮನೆಯಲ್ಲಿ ಕಾಗದದ ರಾಶಿಯಲ್ಲಿ ಬಿದ್ದಿತ್ತು. ಇನ್ನೊಬ್ಬ ಸಂಗೀತಗಾರ ಶೂಮನ್ ಅದನ್ನು ನೋಡಿ ಲೈಪ್‌ಜಿಗ್‌ಗೆ ತಲುಪಿಸಿದರು. 1839ರಲ್ಲಿ ಮೆಂಡೆಲ್ಸನ್ ಗೆವಾಂಡ್‌ಹೌಸ್‌ನಲ್ಲಿ ಮೊದಲ ಬಾರಿ ನುಡಿಸಿದರು. 2021ರಲ್ಲಿ ಬ್ಲೂಮ್‌ಸ್ಟೆಟ್ ರೆಕಾರ್ಡ್ ಮಾಡಿದ್ದೂ ಅದೇ ಆರ್ಕೆಸ್ಟ್ರಾದೊಂದಿಗೆ. ಬರೆದಷ್ಟನ್ನೂ, ಪುನರಾವರ್ತನೆ ಒಂದನ್ನೂ ಬಿಡದೆ. ಒಂದು ಗಂಟೆ ಮೀರುತ್ತದೆ.

ಎರಡನೇ ಭಾಗ ನಡೆಯುವ ಹೆಜ್ಜೆಯದ್ದು. ಅಜ್ಜನ ಬೆರಳು ಊರುಗೋಲಿನ ಹಿಡಿಯ ಮೇಲೆ ತಾಳ ಹಾಕುತ್ತಿತ್ತು. ನಡುವೆ ಒಂದು ಕಡೆ ಇಡೀ ಆರ್ಕೆಸ್ಟ್ರಾ ಏರುತ್ತಾ ಏರುತ್ತಾ ಕಿರುಚುವ ಹಂತಕ್ಕೆ ಬಂದು, ಥಟ್ಟನೆ ನಿಲ್ಲುತ್ತದೆ. ಏನೂ ಇಲ್ಲ. ಅಜ್ಜನ ಬೆರಳು ಮೇಲೆತ್ತಿದ್ದು ಹಾಗೇ ನಿಂತಿತು. ಹಂಚಿನ ಮೇಲಿನ ಮಳೆ ಮಾತ್ರ ಕೇಳುತ್ತಿತ್ತು. ಆಮೇಲೆ ತಂತಿ ಮೀಟಿದ ಒಂದೆರಡು ಮೆಲ್ಲನೆ ಸ್ವರ, ಹಿಂದೆಯೇ ಚೆಲ್ಲೊಗಳು.

"ಆ ಜಾಗ ಇನ್ನೊಂದ್ಸಲ ಹಾಕಿ" ಅಂದರು.

ಸ್ಪೀಕರಿನ ದೀಪ ಕೆಂಪಾಗಿತ್ತು. ಎರಡು ನಿಮಿಷ ಹಿಂದಕ್ಕೆ ಎಳೆದೆ.