ಬ್ಯಾಟರಿ ಆಂಪ್‌ಗೆ ಎಷ್ಟು ವ್ಯಾಟ್ ಬೇಕು?

ಪ್ರಶ್ನೆ: ನಾನು ಒಬ್ಬನೇ ಗಿಟಾರ್ ನುಡಿಸಿಕೊಂಡು ಹಾಡುತ್ತೇನೆ. ಕರೆಂಟ್ ಸಿಗದ ಜಾಗಗಳಿಗೆ ಬ್ಯಾಟರಿ ಆಂಪ್ (ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ) ಬೇಕು. 30 ವ್ಯಾಟ್ ಸಾಕಾ, ಇಲ್ಲ 60 ತಗೊಳ್ಳಲಾ?

ಉತ್ತರ: ಸುತ್ತ ಹತ್ತಿರದಲ್ಲೇ ನಿಂತು ಕೇಳುವ ಜನಕ್ಕೆ ಸಾಮಾನ್ಯವಾಗಿ 30 ಸಾಕು. ಆದರೆ ವ್ಯಾಟ್ ಒಂದನ್ನೇ ನೋಡಿ ಆಂಪ್ ಆರಿಸಬೇಡಿ. 30ರ ಬದಲು 60 ತಗೊಂಡರೆ ಸದ್ದು ದುಪ್ಪಟ್ಟಾಗುತ್ತೆ ಅಂತ ಎಲ್ಲರಿಗೂ ಅನ್ನಿಸುತ್ತೆ, ಅಲ್ವಾ? ಆಗುವುದಿಲ್ಲ. ಸ್ಪೀಕರ್ ಒಂದೇ ಆಗಿದ್ದರೆ ಏರುವುದು ಬರೀ 3 ಡೆಸಿಬೆಲ್ (ಸದ್ದಿನ ಅಳತೆ). ಕಿವಿಗೆ ದುಪ್ಪಟ್ಟು ಅನ್ನಿಸಲು ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತು ಪಟ್ಟು ವ್ಯಾಟ್! ಬಯಲಲ್ಲಿ ಕೇಳುಗರು ಎರಡು ಪಟ್ಟು ದೂರ ಹೋದರೆ 6 ಡೆಸಿಬೆಲ್ ಇಳಿದೇ ಹೋಗುತ್ತೆ, ಹಾಗಾಗಿ ಆಂಪನ್ನು ನೆಲದ ಮೇಲೆ ಇಡದೆ ಸ್ಟ್ಯಾಂಡ್ ಮೇಲೆ ಕೂರಿಸಿ ಜನರ ಕಿವಿಯ ಮಟ್ಟಕ್ಕೆ ತಂದರೆ, ಮುಂದೆ ನಿಂತವರ ಕಾಲುಗಳೇ ಸದ್ದನ್ನು ತಡೆಯುವುದು ತಪ್ಪಿ, ಹಿಂದಿನವರಿಗೂ ಮಾತು ಸ್ಪಷ್ಟವಾಗಿ ಕೇಳುತ್ತೆ. ಡಬ್ಬದ ಮೇಲೆ 'ಪೀಕ್' ಅಂತ ದೊಡ್ಡ ಅಂಕಿ ಇದ್ದರೆ ಅದು ಕ್ಷಣಮಾತ್ರದ ಶಕ್ತಿ, ಅದನ್ನು ಬಿಟ್ಟು ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಅಂಕಿ ಹುಡುಕಿ.

ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಆಂಪ್‌ನ ಹಿಂಭಾಗ. ಮೈಕ್‌ಗೊಂದು, ಗಿಟಾರ್‌ಗೊಂದು ಬೇರೆ ಬೇರೆ ಚಾನೆಲ್ ಇರಲೇಬೇಕು, ಎರಡಕ್ಕೂ ವಾಲ್ಯೂಮ್ ಮತ್ತು ಟೋನ್ ಬೇರೆಯಾಗಿಯೇ ಇರಬೇಕು. ಇಲ್ಲದಿದ್ದರೆ ಗಿಟಾರ್‌ನ ಗುಂಯ್ ಸದ್ದು ಇಳಿಸಲು ಹೋಗಿ ದನಿಯನ್ನೂ ತೆಳ್ಳಗೆ ಮಾಡಿಬಿಡುತ್ತೀರಿ. ನಿಮ್ಮದು ಪೀಜೋ ಪಿಕಪ್ (ಗಿಟಾರ್‌ನ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಸಾಧನ) ಆಗಿದ್ದು, ಗಿಟಾರ್ ಒಳಗೆ ಆ ಸಂಕೇತವನ್ನು ಬಲಪಡಿಸುವ, ಬ್ಯಾಟರಿ ಹಾಕುವ ಪ್ರಿಆಂಪ್ ಇಲ್ಲದಿದ್ದರೆ, ವಾದ್ಯಕ್ಕೆಂದೇ ಇರುವ ಜ್ಯಾಕ್ ಬೇಕು. ಅದರ ಇಂಪಿಡೆನ್ಸ್ (ಸಂಕೇತಕ್ಕೆ ಒಡ್ಡುವ ವಿದ್ಯುತ್ ತಡೆ) ಸುಮಾರು 1 ಮೆಗಾಓಮ್ ಇದ್ದರೆ ಒಳ್ಳೆಯದು. ಅದೇ ಪಿಕಪ್ಪನ್ನು ಸಾದಾ ಲೈನ್ ಇನ್‌ಗೆ (ಫೋನ್, ಮಿಕ್ಸರ್ ಥರದವನ್ನು ಜೋಡಿಸುವ ಜ್ಯಾಕ್) ಚುಚ್ಚಿದರೆ ದಪ್ಪ ತಂತಿಗಳ ಗಟ್ಟಿತನ ಹೋಗಿ ಕಿರಿಕಿರಿ ಸದ್ದಷ್ಟೇ ಉಳಿಯುತ್ತೆ. ಆಗ ಬೈಗುಳ ತಿನ್ನುವುದು ಪಾಪ, ಗಿಟಾರ್! ಕಂಡೆನ್ಸರ್ ಮೈಕ್ (ಕೆಲಸ ಮಾಡಲು ವಿದ್ಯುತ್ ಬೇಕಾಗುವ ಮೈಕ್) ಬಳಸುವವರಾದರೆ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ಕೇಬಲ್‌ನಲ್ಲೇ ವಿದ್ಯುತ್ ಕೊಡುವ ಸೌಲಭ್ಯ, ಇದೆಯಾ ಕೇಳಿ. ಎಷ್ಟೋ ಬ್ಯಾಟರಿ ಆಂಪ್‌ಗಳಲ್ಲಿ ಅದು ಇರುವುದಿಲ್ಲ.

ಬ್ಯಾಟರಿ ಇಷ್ಟು ಗಂಟೆ ಬರುತ್ತೆ ಅಂತ ಬರೆದಿರುವುದು ಸಾಮಾನ್ಯವಾಗಿ ಸಣ್ಣ ಸದ್ದಿನ ಲೆಕ್ಕ. ಜೋರಾಗಿ ನುಡಿಸಿದರೆ ಬೇಗ ಇಳಿಯುತ್ತೆ. ಬೋಸ್ ಎಸ್1 ಪ್ರೋ ಥರದವು ಚಾರ್ಜ್ ಆಗುವ ಬ್ಯಾಟರಿಯವು. ರೋಲ್ಯಾಂಡ್ ಕ್ಯೂಬ್ ಸ್ಟ್ರೀಟ್ ಇಎಕ್ಸ್‌ಗೆ 8 ಎಎ ಸೆಲ್ ಹಾಕಬೇಕು. ಸೆಲ್ ಖರ್ಚು ಜಾಸ್ತಿ ನಿಜ, ಆದರೆ ಮಧ್ಯದಲ್ಲಿ ಮುಗಿದರೆ ಬದಲಾಯಿಸಿ ಹಾಡು ಮುಂದುವರಿಸಬಹುದು. ಚಾರ್ಜ್ ಮಾಡುವ ಬ್ಯಾಟರಿಯೇ ಬೇಕೆಂದರೆ, ಬಿಚ್ಚಿ ಬದಲಾಯಿಸಲು ಬರುವಂಥದ್ದನ್ನೇ ಆರಿಸಿ.

ತೂಕ? ಕೈಯಲ್ಲಿ ಎತ್ತಿಕೊಂಡು ಅಂಗಡಿಯೊಳಗೇ ನಾಲ್ಕು ಸುತ್ತು ಹಾಕಿ, ಗೊತ್ತಾಗುತ್ತೆ. ಹೋಗುವಾಗ ನಿಮ್ಮದೇ ಮೈಕ್, ನಿಮ್ಮದೇ ಗಿಟಾರ್ ಒಯ್ಯಿರಿ. ಚಾರ್ಜರ್ ಕಿತ್ತು, ಬ್ಯಾಟರಿಯಲ್ಲೇ ಓಡಿಸಿ, ಎರಡೂ ಚಾನೆಲ್ ಒಟ್ಟಿಗೆ ಏರಿಸುತ್ತಾ ನೀವು ಹಾಡುವ ಅತಿ ಜೋರಾದ ಸಾಲನ್ನು ಹಾಡಿ. ದನಿ ಒಡೆಯುತ್ತಿದೆ ಅನ್ನಿಸಿದರೆ ಆಗ 60 ವ್ಯಾಟಿನದನ್ನು ಕೇಳಿ.